ಪಾಲಿಕೆಯ ಮಿತವ್ಯಯ: ಉಳಿತಾಯವೋ, ಮುಂದೂಡಿಕೆಯೋ?

ಮಹಾನಗರ ಪಾಲಿಕೆಯ ಖರ್ಚನ್ನು ಕಡಿತಗೊಳಿಸುವ ಭರವಸೆ ತೆರಿಗೆ ತೆರುವ ವರ್ತಕರಿಗೆ ಹಿತವೆನಿಸುವುದು ಸಹಜ. ಆದರೆ ಮಂಗಳೂರಿನಲ್ಲಿ ಮೇಯರ್ ಪದವಿಯ ಆಕಾಂಕ್ಷಿಗಳು ಅದನ್ನು ನೆರವೇರಿಸಬಲ್ಲರೇ ಎಂಬುದನ್ನು ಮೊದಲು ಪರಿಶೀಲಿಸಬೇಕು.

ಇಲ್ಲಿ ಮೇಯರ್ ಅವರನ್ನು ಆರಿಸುವವರು ಮತದಾರರಲ್ಲ, ಪಾಲಿಕೆಯ ಸದಸ್ಯರು. ದೈನಂದಿನ ಆಡಳಿತ ಆಯುಕ್ತರದು. 2019ರ ನವೆಂಬರ್‌ನಲ್ಲಿ 60 ವಾರ್ಡುಗಳಿಂದ ಚುನಾಯಿತವಾಗಿ, 2025ರ ಫೆಬ್ರವರಿಯಲ್ಲಿ ಅವಧಿ ಮುಗಿಸಿದ ಪರಿಷತ್ತು ಐವರು ಮೇಯರ್‌ಗಳನ್ನು ಕಂಡಿತು. ಒಬ್ಬರ ಕಾಲದ ಆಯವ್ಯಯದ ಫಲಾಫಲ ತಿಳಿಯುವ ಹೊತ್ತಿಗೆ ಪೀಠದಲ್ಲಿ ಇನ್ನೊಬ್ಬರಿರುತ್ತಾರೆ.

ಅಲ್ಪಾವಧಿಯಲ್ಲಿ ಖರ್ಚು ಇಳಿಸಿ ತೋರಿಸುವ ಸುಲಭ ಮಾರ್ಗವೆಂದರೆ ದುರಸ್ತಿ ಮತ್ತು ನಿರ್ವಹಣೆಯನ್ನು ಮುಂದೂಡುವುದು. ಲೆಕ್ಕಶಾಸ್ತ್ರದ ದೃಷ್ಟಿಯಲ್ಲಿ ಅದು ಉಳಿತಾಯವಲ್ಲ, ಪುಸ್ತಕಕ್ಕೆ ಏರದ ಹೊಣೆ. 2019ರ ಆಗಸ್ಟ್‌ನಲ್ಲಿ ಪಚ್ಚನಾಡಿಯ ತ್ಯಾಜ್ಯರಾಶಿ ಜರಿದು ಮಂದಾರದ ಮನೆ, ತೋಟಗಳನ್ನು ಆವರಿಸಿತು. ವರ್ಷಗಳಿಂದ ಬಾಕಿಯಿದ್ದ ವಿಲೇವಾರಿಯ ಜೊತೆಗೆ ಪರಿಹಾರ, ಪುನರ್ವಸತಿಗಳ ಹೊರೆಯೂ ಸಾರ್ವಜನಿಕ ಹಣದ ಮೇಲೆಯೇ ಬಿತ್ತು.

ನಿಜವಾದ ಮಿತವ್ಯಯಕ್ಕೆ ಬೇರೆ ಎಡೆಗಳಿವೆ. ತುಂಬೆಯಿಂದ ವಿದ್ಯುತ್ ವ್ಯಯಿಸಿ ತರುವ ನೀರು ಸೋರಿಹೋದರೆ ನೀರೂ ನಷ್ಟ, ವಿದ್ಯುತ್ ಬಿಲ್ಲೂ ನಷ್ಟ. ಒಂದೇ ರಸ್ತೆಯನ್ನು ಒಳಚರಂಡಿಗೊಮ್ಮೆ, ಕೊಳವೆಗೊಮ್ಮೆ ಅಗೆದರೆ ಡಾಂಬರಿನ ಖರ್ಚು ಇಮ್ಮಡಿ.

ಆದ್ದರಿಂದ ಮುಂದಿನ ಪರಿಷತ್ತಿನ ಆಕಾಂಕ್ಷಿಗಳನ್ನು ವರ್ತಕ ಸಮುದಾಯವು ಮೂರು ವಿವರ ಕೇಳಬೇಕು: ಯಾವ ಲೆಕ್ಕಶೀರ್ಷಿಕೆಯಲ್ಲಿ ಕಡಿತ, ಎಷ್ಟು ಮೊತ್ತ, ಅದರಿಂದ ನಿಲ್ಲುವ ಕೆಲಸ ಯಾವುದು? ಮೂರನೆಯದಕ್ಕೆ ಉತ್ತರವಿಲ್ಲದ ಯೋಜನೆಯನ್ನು ಮಿತವ್ಯಯವೆಂದು ಒಪ್ಪಲಾಗದು.