ಸಣ್ಣ ಮಾದರಿ, ಹಲವು ಯಂತ್ರ

2021ರಲ್ಲಿ ಸುಮಾರು 40 ಮಂದಿ ಸೇರಿ ಬಂಗಾಳಿಗೊಂದು ಭಾಷಾ ಮಾದರಿಯನ್ನು ತಯಾರಿಸಿದರು. ಹೆಚ್ಚಿನವರು ನ್ಯೂರೋಪಾರ್ಕ್ ಎಂಬ ಬಂಗಾಳಿ ಭಾಷಿಕರ ಬಳಗದವರು, ಉಳಿದವರು ಈ ಪ್ರಯೋಗದ ಹಿಂದಿದ್ದ ಸಂಶೋಧಕರು. ಅವರ ಬಳಿ ಡೇಟಾ ಸೆಂಟರ್ ಇರಲಿಲ್ಲ. ಬೇರೆ ಬೇರೆ ಕಡೆಯ 91 ಸಾಧನಗಳು ಇಂಟರ್ನೆಟ್ಟಿನಲ್ಲಿ ಬಂದು ಸೇರುತ್ತಿದ್ದವು, ಒಂದಷ್ಟು ಹೊತ್ತು ದುಡಿದು ಎದ್ದು ಹೋಗುತ್ತಿದ್ದವು. ಎಂಟು ದಿನಗಳಲ್ಲಿ ಸಿದ್ಧವಾದ 'ಸಹಜ್‌ಬರ್ಟ್' ಬಂಗಾಳಿ ಬರಹದಲ್ಲಿ ಹೆಸರುಗಳನ್ನು ಗುರುತಿಸುವುದರಲ್ಲೂ ಸುದ್ದಿಗಳನ್ನು ವಿಂಗಡಿಸುವುದರಲ್ಲೂ ಫೇಸ್‌ಬುಕ್ಕಿನ ಎಕ್ಸ್‌ಎಲ್‌ಎಂ-ಆರ್ ಲಾರ್ಜ್ ಮಾದರಿಗೆ ಹೆಚ್ಚುಕಡಿಮೆ ಸರಿಸಾಟಿಯಾಗಿ ನಿಂತಿತು. ಫೇಸ್‌ಬುಕ್ಕಿನ ಆ ಬಹುಭಾಷಾ ಮಾದರಿಯ ತರಬೇತಿಗೆ ದುಡಿದದ್ದು 500 ದುಬಾರಿ ಜಿಪಿಯು ಚಿಪ್ಪುಗಳು.

ಹನಿ ಹನಿ ಕೂಡಿ ಹಳ್ಳವಾಯಿತು ಎಂದು ಇದನ್ನು ಕೊಂಡಾಡುವುದು ಸುಲಭ. ಆದರೆ ಹನಿಗಳು ತಾವಾಗಿಯೇ ಕೂಡುವುದಿಲ್ಲ ಎಂಬುದೇ ಹೀಗೆ ಹಂಚಿ ಕಲಿಸುವ ಕ್ಷೇತ್ರದ ನಿಜವಾದ ತೊಡಕು.

ಹಲವು ಯಂತ್ರಗಳು ಒಂದು ಮಾದರಿಗೆ ಪಾಠ ಹೇಳುವಾಗ ಪ್ರತಿಯೊಂದೂ ತನ್ನ ಪಾಲಿನ ಪಠ್ಯವನ್ನು ಓದಿ, ಮಾದರಿಯ ಯಾವ ಅಂಕಿಯನ್ನು ಎಷ್ಟು ತಿದ್ದಬೇಕೆಂದು ಲೆಕ್ಕ ಹಾಕುತ್ತದೆ. ಈ ತಿದ್ದುಪಡಿಯ ಪಟ್ಟಿಗೆ ಗ್ರೇಡಿಯಂಟ್ ಎಂದು ಹೆಸರು. ಎಲ್ಲರ ಪಟ್ಟಿಗಳನ್ನೂ ಕೂಡಿಸಿ ಸರಾಸರಿ ತೆಗೆದ ಮೇಲೆಯೇ ಮುಂದಿನ ಹೆಜ್ಜೆ. ಮಾದರಿಯಲ್ಲಿ ಎಷ್ಟು ಅಂಕಿಗಳು, ಅಂದರೆ ಪ್ಯಾರಾಮೀಟರುಗಳು, ಇವೆಯೋ ಪಟ್ಟಿಯೂ ಅಷ್ಟೇ ಉದ್ದ. 700 ಕೋಟಿ ಪ್ಯಾರಾಮೀಟರುಗಳ ಮಾದರಿಯಾದರೆ, ಒಂದೊಂದಕ್ಕೆ ಎರಡು ಬೈಟ್ ಹಿಡಿದರೂ, ಒಂದು ಪಟ್ಟಿ 14 ಜಿಬಿ ತೂಗುತ್ತದೆ. ಸೆಕೆಂಡಿಗೆ 20 ಮೆಗಾಬಿಟ್ ಅಪ್‌ಲೋಡ್ ಇರುವ ಮನೆಯಿಂದ ಅದನ್ನು ಕಳಿಸಲು ಒಂದೂವರೆ ಗಂಟೆಗೂ ಹೆಚ್ಚು ಬೇಕು. ಅದೂ ಒಂದೇ ಒಂದು ಹೆಜ್ಜೆಗೆ. ತರಬೇತಿಯೆಂದರೆ ಅಂಥ ಸಾವಿರಾರು ಹೆಜ್ಜೆಗಳು. ಡೇಟಾ ಸೆಂಟರಿನೊಳಗೆ ಅಕ್ಕಪಕ್ಕ ಕೂತ ಜಿಪಿಯುಗಳ ನಡುವೆ ಸೆಕೆಂಡಿಗೆ ನೂರಾರು ಜಿಬಿ ಹರಿಯುವುದರಿಂದ ಅಲ್ಲಿ ಈ ಚಿಂತೆ ಅಷ್ಟಾಗಿ ಕಾಡುವುದಿಲ್ಲ.

ಸಹಜ್‌ಬರ್ಟ್ ಕಟ್ಟಿದವರು ಆಯ್ದುಕೊಂಡ ದಾರಿ ಇಲ್ಲಿ ಗಮನಾರ್ಹ. ಅವರು ಆಲ್ಬರ್ಟ್ ಎಂಬ ವಿನ್ಯಾಸವನ್ನು ತೆಗೆದುಕೊಂಡರು. ಅದಕ್ಕೆ ಮೂಲವಾದ ಬರ್ಟ್ ಮಾದರಿಯ ದೊಡ್ಡ ಆವೃತ್ತಿಯಲ್ಲಿ 24 ಪದರಗಳಿಗೂ ಬೇರೆ ಬೇರೆ ಅಂಕಿಗಳು, ಒಟ್ಟು ಸುಮಾರು 33.4 ಕೋಟಿ. ಆಲ್ಬರ್ಟ್ ಒಂದೇ ಪದರದ ಅಂಕಿಗಳನ್ನು 24 ಸಲವೂ ಬಳಸುತ್ತದೆ, ಹೀಗಾಗಿ ಅದರ ದೊಡ್ಡ ಆವೃತ್ತಿಗೆ 1.8 ಕೋಟಿ ಸಾಕು. ಮೇಲಿನ ಲೆಕ್ಕದಲ್ಲೇ ಹೇಳುವುದಾದರೆ ಪಟ್ಟಿ 36 ಎಂಬಿಗೆ ಇಳಿಯಿತು, ಅದೇ ಮನೆಯ ಅಪ್‌ಲೋಡಿಗೆ ಹದಿನೈದು ಸೆಕೆಂಡಿನ ಕೆಲಸ. ಇಷ್ಟಾದರೂ ಪ್ರತಿ ವಾಕ್ಯ ಇಪ್ಪತ್ತನಾಲ್ಕು ಪದರಗಳನ್ನು ಹಾದೇ ಹೋಗಬೇಕು. ಅಂದರೆ ಯಂತ್ರದ ದುಡಿಮೆ ಆ ಪ್ರಮಾಣದಲ್ಲಿ ತಗ್ಗಲಿಲ್ಲ, ತಗ್ಗಿದ್ದು ತಂತಿಯ ಮೇಲಿನ ಹೊರೆ. ಹಂಚಿ ಕಲಿಸುವವರಿಗೆ ಬೇಕಾದದ್ದು ಇಂಥ ಕುಗ್ಗುವಿಕೆಯೇ.

ಎಲ್ಲ ಬಗೆಯ ಕುಗ್ಗಿಸುವಿಕೆಯೂ ಹೀಗೆ ನೆರವಾಗುವುದಿಲ್ಲ. ಬರ್ಟ್‌ನ ಉತ್ತರಗಳನ್ನು ನೋಡಿ ಕಲಿತ 2019ರ ಡಿಸ್ಟಿಲ್‌ಬರ್ಟ್ ತನ್ನ ಆ ಗುರುವಿಗಿಂತ ಶೇ. 40ರಷ್ಟು ಚಿಕ್ಕದು, ಸಾಮರ್ಥ್ಯದಲ್ಲಿ ಶೇ. 97ರಷ್ಟನ್ನು ಉಳಿಸಿಕೊಂಡದ್ದು. ಆದರೆ ಆ ಗುರುವನ್ನು ಮೊದಲು ಯಾರೋ ದೊಡ್ಡ ಯಂತ್ರಗಳಲ್ಲಿ ತಯಾರಿಸಿರಲೇಬೇಕು. 2021ರಲ್ಲಿ ಮೈಕ್ರೋಸಾಫ್ಟ್ ಸಂಶೋಧಕರು ತಂದ ಲೋರಾ ವಿಧಾನದ್ದೂ ಅದೇ ಕಥೆ. ಜಿಪಿಟಿ-3ರಂಥ 17,500 ಕೋಟಿ ಪ್ಯಾರಾಮೀಟರುಗಳ ಮಾದರಿಯನ್ನು ಹೊಸ ಕೆಲಸಕ್ಕೆ ಹೊಂದಿಸಿದಾಗ ಉಳಿಸಿಡಬೇಕಾದ ಕಡತವನ್ನು ಅದು 350 ಜಿಬಿಯಿಂದ 35 ಎಂಬಿಗೆ ಇಳಿಸಿತು. ಅದ್ಭುತವೇ ಸರಿ, ಆದರೂ ಬುನಾದಿ ಇನ್ನೊಬ್ಬರದು. ಇವೆರಡರಿಂದ ಖರ್ಚು ಇಳಿಯುತ್ತದೆ, ದೊಡ್ಡ ಕಂಪನಿಗಳ ಹಂಗು ಇಳಿಯುವುದಿಲ್ಲ.

ಮಾತು ಕಡಿಮೆ ಮಾಡುವುದು ಇನ್ನೊಂದು ದಾರಿ. ಪ್ರತಿ ಹೆಜ್ಜೆಗೂ ಪಟ್ಟಿ ಕಳಿಸದೆ ನೂರಾರು ಹೆಜ್ಜೆ ಒಂಟಿಯಾಗಿ ನಡೆದು ಆಮೇಲೆ ಸೇರುವ 'ಡಿಲೋಕೋ' ವಿಧಾನವನ್ನು ಗೂಗಲ್ ಡೀಪ್‌ಮೈಂಡ್ 2023ರಲ್ಲಿ ಪ್ರಕಟಿಸಿತು. ಯಂತ್ರಗಳ ನಡುವಿನ ಸಂವಹನ 500 ಪಟ್ಟು ತಗ್ಗಿತು. ಇದೇ ಜಾಡಿನಲ್ಲಿ ಪ್ರೈಮ್ ಇಂಟಲೆಕ್ಟ್ ಸಂಸ್ಥೆ 2024ರಲ್ಲಿ 1,000 ಕೋಟಿ ಪ್ಯಾರಾಮೀಟರುಗಳ ಇಂಟಲೆಕ್ಟ್-1 ಮಾದರಿಯನ್ನು ಮೂರು ಖಂಡಗಳಲ್ಲಿ ಹಂಚಿ ಬೆಳೆಸಿತು. ಅಲ್ಲಿ ದುಡಿದದ್ದು ಎನ್ವಿಡಿಯಾದ ಎಚ್100 ಜಿಪಿಯುಗಳು, ಯಾರ ಮನೆಯ ಮೇಜಿನ ಮೇಲೂ ಇರುವಂಥವಲ್ಲ. ಊರುಗಳು ಹಂಚಿಹೋದವು, ಒಡೆತನ ಅಷ್ಟಾಗಿ ಹಂಚಲಿಲ್ಲ. ಜನಸಾಮಾನ್ಯರ ಸಾಧನಕ್ಕೆ ಇಳಿಯಬೇಕೆಂದರೆ ಮಾದರಿ ಇನ್ನೂ ಕಿರಿದಾಗಲೇಬೇಕು. ಗೂಗಲ್‌ನ ಜಿಬೋರ್ಡ್ ಕೀಲಿಮಣೆ ಫೋನುಗಳಲ್ಲೇ ಕಲಿಸಿದ, ಮುಂದಿನ ಪದ ಊಹಿಸುವ ಮಾದರಿಗೆ ಇದ್ದದ್ದು ಬರೀ 14 ಲಕ್ಷ ಪ್ಯಾರಾಮೀಟರು. ಫೋನು ಚಾರ್ಜಿಗಿದ್ದು, ವೈಫೈ ಸಿಕ್ಕು, ಯಾರೂ ಬಳಸದಿದ್ದಾಗ ಮಾತ್ರ ಈ ಕಲಿಕೆ.

ಆಕ್ಷೇಪಗಳೂ ಹಗುರವಾದವಲ್ಲ. ಪಠ್ಯ ಸಾಧನ ಬಿಟ್ಟು ಹೋಗದಿದ್ದರೂ ಗ್ರೇಡಿಯಂಟಿನಿಂದಲೇ ಅದನ್ನು ಹಿಂದಕ್ಕೆ ಕಟ್ಟಬಹುದೆಂದು 2019ರಲ್ಲಿ ಎಂಐಟಿ ಸಂಶೋಧಕರು ತೋರಿಸಿದರು. ಹಂಚಿದ ಮಾತ್ರಕ್ಕೆ ಗುಟ್ಟು ಉಳಿಯುತ್ತದೆ ಎಂಬ ಭರವಸೆ ಬೇಡ. ಬಂಗಾಳಿ ಸ್ವಯಂಸೇವಕರ ಸಾಧನಗಳಲ್ಲೂ ಹಲವು ಗೂಗಲ್‌ನ ಕೊಲ್ಯಾಬ್ ಬಿಟ್ಟಿಯಾಗಿ ಕೊಡುವ ಯಂತ್ರಗಳೇ. ದೈತ್ಯರಿಂದ ಸ್ವಾತಂತ್ರ್ಯ, ಆದರೆ ದೈತ್ಯರ ಜಗಲಿಯ ಮೇಲೆಯೇ! ಇನ್ನು 1.8 ಕೋಟಿಯ ಮಾದರಿ ಹರಟೆ ಹೊಡೆಯಲಾರದು, ಕೇಳಿದ್ದಕ್ಕೆಲ್ಲ ಉತ್ತರಿಸಲಾರದು. ಹೆಸರು ಗುರುತಿಸಲು, ಸುದ್ದಿ ವಿಂಗಡಿಸಲು ಅದು ಸಾಕು. ದಿನನಿತ್ಯ ಬೇಕಾಗುವ ಎಷ್ಟೋ ಕೆಲಸ ಇದೇ ಜಾತಿಯದು.

ಕನ್ನಡಕ್ಕೆ ಈ ಚರ್ಚೆ ಸಂಬಂಧಪಡುವುದು ಇಲ್ಲಿ. 2022ರಲ್ಲಿ ಫ್ರಾನ್ಸಿನ ಸೂಪರ್ ಕಂಪ್ಯೂಟರಿನಲ್ಲಿ ತಯಾರಾದ ಬ್ಲೂಮ್ ಮಾದರಿಯ 46 ಭಾಷೆಗಳಲ್ಲಿ ಕನ್ನಡವೂ ಒಂದು. ಅದರ ತರಬೇತಿ ಪಠ್ಯದಲ್ಲಿ ಕನ್ನಡದ ಪಾಲು ಶೇ. 0.06. 2011ರ ಜನಗಣತಿಯಲ್ಲಿ 4.37 ಕೋಟಿ ಮಂದಿ ತಾಯ್ನುಡಿಯೆಂದು ಬರೆಸಿದ ಭಾಷೆಗೆ ದೊಡ್ಡ ಮಾದರಿಯೊಂದರಲ್ಲಿ ಸಿಕ್ಕ ಜಾಗ ಅಷ್ಟು. ಬಂಗಾಳಿ ಬಳಗ ನೆಚ್ಚಿಕೊಂಡ ಹೈವ್‌ಮೈಂಡ್ ತಂತ್ರಾಂಶ ಮುಕ್ತವಾಗಿದೆ, ಆಲ್ಬರ್ಟ್ ವಿನ್ಯಾಸವೂ ಮುಕ್ತ. ಕನ್ನಡದ ತಂತ್ರಜ್ಞರ ಬಳಗಗಳು ಸಾವಿರ ಕೋಟಿಯ ಕನಸನ್ನು ಸದ್ಯಕ್ಕೆ ಬದಿಗಿಟ್ಟು, ಒಂದೆರಡು ಕೋಟಿ ಪ್ಯಾರಾಮೀಟರಿನ ಕನ್ನಡದ್ದೇ ಮಾದರಿಯೊಂದನ್ನು ಹೀಗೆ ಕೂಡಿ ಕಲಿಸಲು ಮುಂದಾಗಲಿ.