ಮಾತ್ರೆಯ ಹೆಸರು ತಿಳಿಯದ ಗಾಯಾಳು

ಹುಬ್ಬಳ್ಳಿ: ಬೈಕ್ ಅಪಘಾತದಲ್ಲಿ ತಲೆ ಒಡೆದ ಯುವಕನನ್ನು ಕಂಡೊಡನೆ ಎಲ್ಲರೂ ಎಚ್ಚೆತ್ತುಕೊಳ್ಳುತ್ತಾರೆ. ಬಚ್ಚಲಲ್ಲಿ ಜಾರಿ ಬಿದ್ದ ಎಪ್ಪತ್ತೈದರ ಅಜ್ಜಿಯ ಹಣೆಯ ಮೇಲೆ ಒಂದು ಬಾವು ಮಾತ್ರ ಇದ್ದರೆ ಮನೆಯವರು ಚಹಾ ಕೊಟ್ಟು ಮಲಗಿಸುತ್ತಾರೆ. ಹೃದಯದ ತೊಂದರೆಗೆ ಆಕೆ ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿದ್ದರೆ, ಹೆಚ್ಚಿನ ಅಪಾಯ ಆಕೆಗೇ ಇರಬಹುದು.

ವಯಸ್ಸಾದಂತೆ ಮೆದುಳು ಕುಗ್ಗಿ, ತಲೆಬುರುಡೆಯೊಳಗೆ ತೆರವು ಹೆಚ್ಚುತ್ತದೆ. ಒಸರಿದ ರಕ್ತ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಸದ್ದಿಲ್ಲದೆ ಶೇಖರಗೊಳ್ಳಬಲ್ಲದು. ಮಂಪರು, ತೊದಲು ಮಾತು ಕಾಣಿಸುವ ಹೊತ್ತಿಗೆ ತಡವಾಗಿರುತ್ತದೆ. ಇಂಥವರಿಗೆ ಪ್ರಜ್ಞೆ ಸರಿಯಿದ್ದರೂ ಸಿಟಿ ಸ್ಕ್ಯಾನ್ ಬೇಕಾಗಬಹುದು ಎಂದು ವೈದ್ಯರು ಹೇಳುವುದು ಇದೇ ಕಾರಣಕ್ಕೆ.

ಯಾವ ಮಾತ್ರೆ?

ಚಿಕಿತ್ಸೆಯ ದಿಕ್ಕನ್ನು ನಿರ್ಧರಿಸುವುದು ಈ ಪ್ರಶ್ನೆ. ವಾರ್ಫರಿನ್ ಅಥವಾ ಅಸಿಟ್ರಾಮ್ ಆಗಿದ್ದರೆ ಐಎನ್‌ಆರ್ ಪರೀಕ್ಷೆ ಪರಿಣಾಮದ ಮಟ್ಟವನ್ನು ತಿಳಿಸುತ್ತದೆ. ವಿಟಮಿನ್ ಕೆ ಚುಚ್ಚುಮದ್ದು ಕೆಲಸ ಮಾಡಲು ಗಂಟೆಗಳು ಬೇಕು. ಶೀತಲೀಕರಿಸಿದ ಪ್ಲಾಸ್ಮಾವನ್ನು ಕರಗಿಸಿ, ರಕ್ತದ ಗುಂಪು ಹೊಂದಿಸಿ ಕೊಡಬೇಕು. ನಿಮಿಷಗಳಲ್ಲಿ ಫಲ ಕೊಡುವ ಪ್ರೋಥ್ರಾಂಬಿನ್ ಕಾಂಪ್ಲೆಕ್ಸ್ ದುಬಾರಿ. ಹೊಸ ತಲೆಮಾರಿನ ಅಪಿಕ್ಸಬಾನ್, ರಿವಾರೊಕ್ಸಬಾನ್, ಡಾಬಿಗಟ್ರಾನ್‌ಗಳ ವಿಷಯದಲ್ಲಿ ಐಎನ್‌ಆರ್ ಅನ್ನು ನೆಚ್ಚುವಂತಿಲ್ಲ. ಅಮೆರಿಕದಲ್ಲಿ 2015ರಲ್ಲಿ ಅನುಮತಿ ಪಡೆದ ಇಡಾರುಸಿಜುಮ್ಯಾಬ್ ಡಾಬಿಗಟ್ರಾನ್‌ಗೆ ಮಾತ್ರ ಪ್ರತ್ಯೌಷಧ. ಆಸ್ಪಿರಿನ್, ಕ್ಲೊಪಿಡೊಗ್ರೆಲ್‌ಗಳಿಗಂತೂ ವಿಟಮಿನ್ ಕೆ ಉಪಯೋಗಕ್ಕೇ ಬಾರದು.

ಹುಬ್ಬಳ್ಳಿಯ ಕೆಎಂಸಿಆರ್‌ಐಗೆ (ಹಿಂದಿನ ಕಿಮ್ಸ್) ಧಾರವಾಡವಷ್ಟೇ ಅಲ್ಲದೆ ಗದಗ, ಹಾವೇರಿ, ಉತ್ತರ ಕನ್ನಡದ ರೋಗಿಗಳೂ ಬರುತ್ತಾರೆ. ಮಾತ್ರೆ ಬರೆದುಕೊಟ್ಟ ವೈದ್ಯರು ಬೆಂಗಳೂರಿನಲ್ಲೋ ಬೆಳಗಾವಿಯಲ್ಲೋ ಇರಬಹುದು. ಚೀಟಿ ಮನೆಯ ಕಪಾಟಿನಲ್ಲಿರುತ್ತದೆ. 2008ರ ನವೆಂಬರ್‌ನಲ್ಲಿ ರಾಜ್ಯದಲ್ಲಿ ಆರಂಭವಾದ 108 ಆಂಬ್ಯುಲೆನ್ಸ್ ರೋಗಿಯನ್ನು ತರುತ್ತದೆ, ಚೀಟಿಯನ್ನಲ್ಲ. ಜೊತೆಗೆ ಬಂದ ಮೊಮ್ಮಗನಿಗೆ ಗೊತ್ತಿರುವುದು 'ಬಿಳಿ ಗುಳಿಗೆ' ಎಂದಷ್ಟೇ. 2021ರಲ್ಲಿ ದೇಶವ್ಯಾಪಿಯಾದ ಡಿಜಿಟಲ್ ಆರೋಗ್ಯ ಯೋಜನೆ ದಾಖಲೆಗಳನ್ನು ಬೆಸೆಯುವ ಉದ್ದೇಶ ಹೊಂದಿದೆ. ಆದರೆ ಓಣಿಯ ದವಾಖಾನೆಯ ಕೈಬರಹದ ಚೀಟಿ ತಾನಾಗಿ ಅದರೊಳಗೆ ಸೇರದು. ಸದ್ಯಕ್ಕೆ ಔಷಧದ ಹೆಸರು, ಪ್ರಮಾಣ, ಕಾರಣ ಬರೆದ ಒಂದು ಕಾರ್ಡು ಜೇಬಿನಲ್ಲಿರುವುದೇ ಅಗ್ಗದ ದಾರಿ. ಕೊನೆಯ ಮಾತ್ರೆ ನುಂಗಿದ ಹೊತ್ತನ್ನು ಮನೆಯವರು ಹೇಳಬೇಕು.

ಇದನ್ನೆಲ್ಲ ಕೇಳಿ ಹೆದರಿ ಮಾತ್ರೆಯನ್ನೇ ಬಿಡುವವರೂ ಉಂಟು. ಅದು ಇನ್ನೊಂದು ಅನಾಹುತ. ಕೃತಕ ಲೋಹದ ಕವಾಟ ಅಳವಡಿಸಿಕೊಂಡವರಿಗೆ ವಾರ್ಫರಿನ್ ಗುಂಪಿನ ಔಷಧ ಜೀವನಪರ್ಯಂತ ಅನಿವಾರ್ಯ. ನಿಲ್ಲಿಸಿದರೆ ಕವಾಟದಲ್ಲೇ ರಕ್ತ ಹೆಪ್ಪುಗಟ್ಟಬಹುದು. ರಕ್ತಸ್ರಾವ ನಿಂತ ಮೇಲೆ ಮಾತ್ರೆಯನ್ನು ಯಾವ ದಿನ ಪುನಃ ಆರಂಭಿಸಬೇಕೆಂಬುದನ್ನು ನರರೋಗ ಶಸ್ತ್ರಚಿಕಿತ್ಸಕರು ಹಾಗೂ ಹೃದ್ರೋಗ ತಜ್ಞರು ಕೂಡಿಯೇ ತೀರ್ಮಾನಿಸಬೇಕು. ಬಿಡುಗಡೆಯ ಚೀಟಿಯಲ್ಲಿ ಆ ದಿನಾಂಕವಿದೆಯೇ ಎಂದು ಮನೆಯವರು ಕೇಳಿ ತಿಳಿಯುವುದು ಅಗತ್ಯ.