ಬಿದ್ದದ್ದು ಹೈದರಾಬಾದಿನಲ್ಲಿ, ಪರಿಹಾರದ ಹಣ ಊರಿಗೇಕೆ ಬರಬಾರದು?

ಹೈದರಾಬಾದಿನ ಕನ್ನಡಿಗರೇ,

ಕೋಕಾಪೇಟೆ, ನಾರ್ಸಿಂಗಿ, ಗಚ್ಚಿಬೌಲಿ ಕಡೆ ಮುಗಿಲು ಮುಟ್ಟುವ ಕಟ್ಟಡಗಳು ಏಳುತ್ತಿವೆ. ಅವುಗಳ ಬುಡದ ತಗಡಿನ ಶೆಡ್ಡುಗಳತ್ತ ಹೋದರೆ ಯಾದಗಿರಿ, ಕಲಬುರಗಿ, ಬೀದರ, ರಾಯಚೂರಿನ ಮಾತು ಕಿವಿಗೆ ಬೀಳುತ್ತದೆ. ಬಿಹಾರ, ಒಡಿಶಾದವರೂ ಇದ್ದಾರೆ. ಈ ಕರಪತ್ರ ಅವರ ಪರವಾಗಿಯೂ ಹೌದು. ಸೆಂಟ್ರಿಂಗ್ ಕೆಲಸದವನೊಬ್ಬ ಮೇಲಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡ ಅನ್ನಿ. ಆಸ್ಪತ್ರೆಯ ಬಿಲ್ಲಿಗೆ ಗುತ್ತೇದಾರ ಒಂದಿಷ್ಟು ಕೊಡುತ್ತಾನೆ, ಮೇಸ್ತ್ರಿ ಗಾಡಿ ಮಾಡಿಸಿ ಊರಿಗೆ ಕಳಿಸುತ್ತಾನೆ. ಶೆಡ್ಡು ಇರುವುದು ದುಡಿಯುವವರಿಗೆ, ಹಾಸಿಗೆ ಹಿಡಿದವನಿಗೆ ಅಲ್ಲಿ ಜಾಗವಿಲ್ಲ. ಎತ್ತಿ ಕೂಡಿಸಲು, ಮೈ ತೊಳೆಸಲು ಅವ್ವ, ಹೆಂಡತಿ, ಅಣ್ಣ ತಮ್ಮಂದಿರು ಇರುವುದು ಸೇಡಂನಲ್ಲೋ ಗುರುಮಠಕಲ್ಲಿನಲ್ಲೋ. ಹಾಗಾಗಿ ಅವನು ಊರಿಗೆ ಹೋಗಲೇಬೇಕು.

ಹೋದೊಡನೆ ಎರಡೂ ಸರ್ಕಾರಗಳ ಲೆಕ್ಕದಿಂದ ಜಾರುತ್ತಾನೆ. ತೆಲಂಗಾಣದ ಆಸರಾ ಪಿಂಚಣಿ ತೆಲಂಗಾಣದ ನಿವಾಸಿಗಳಿಗೆ ಮಾತ್ರ. ಅಂಗವಿಕಲರಿಗೆ ಅದನ್ನು 2023ರಲ್ಲಿ ತಿಂಗಳಿಗೆ 4,016 ರೂಪಾಯಿಗೆ ಏರಿಸಲಾಯಿತು. ಕರ್ನಾಟಕದ ಪಿಂಚಣಿ ಅದರ ಹತ್ತಿರಕ್ಕೂ ಬರುವುದಿಲ್ಲ. ಆ ಚೂರುಪಾರಿಗೂ ಹೊಸ ಅರ್ಜಿ, ಹೊಸ ಆದಾಯ ಪತ್ರ, ನಾಡಕಚೇರಿಯ ಅಲೆದಾಟ. ಕೇಂದ್ರದ ಇಂದಿರಾ ಗಾಂಧಿ ಹೆಸರಿನ ಅಂಗವಿಕಲ ಪಿಂಚಣಿಯ ಪಾಲು ತಿಂಗಳಿಗೆ 300 ರೂಪಾಯಿ. ಅದೂ ಶೇ. 80ರಷ್ಟು ವೈಕಲ್ಯವಿದ್ದು ಬಡತನದ ಪಟ್ಟಿಯಲ್ಲಿ ಹೆಸರಿದ್ದರೆ.

ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯೂ ರಾಜ್ಯಕ್ಕೊಂದು. ಕಟ್ಟಡದ ವೆಚ್ಚದ ಮೇಲೆ ಬಿಲ್ಡರು ಕಟ್ಟುವ ಶೇ. 1ರ ಸೆಸ್ ತೆಲಂಗಾಣದ ಮಂಡಳಿಗೆ ಜಮೆಯಾಗುತ್ತದೆ. ಅದೇ ಕಟ್ಟಡದಿಂದ ಬಿದ್ದವನ ಹೆಸರು ಇದ್ದರೆ ಕರ್ನಾಟಕದ ಮಂಡಳಿಯಲ್ಲಿ; ಬಹಳ ಸಲ ಎರಡರಲ್ಲೂ ಇಲ್ಲ.

ನಾವು ಎಲ್ಲವನ್ನೂ ಕೇಳುತ್ತಿಲ್ಲ. ಬಡವನೆಂಬ ಕಾರಣಕ್ಕೆ ಸರ್ಕಾರ ಬೊಕ್ಕಸದಿಂದ ಕೊಡುವ ಹಣ ಒಂದು, ದುಡಿಯುವಾಗ ಮೈ ಕೆಟ್ಟಿತೆಂದು ದುಡಿಮೆಯ ಹೆಸರಿನಲ್ಲೇ ಕೂಡಿಟ್ಟ ನಿಧಿಯಿಂದ ಸಲ್ಲಬೇಕಾದ ಹಣ ಇನ್ನೊಂದು. ಮೊದಲನೆಯದನ್ನು ವಾಸವಿರುವ ರಾಜ್ಯವೇ ಕೊಡಲಿ. ಯಾದಗಿರಿಗೆ ಹೋಗಿ ನೆಲೆಸಿದವನಿಗೆ ತೆಲಂಗಾಣ ಕೊನೆಯತನಕ ಆಸರಾ ಕೊಡಬೇಕೆಂದರೆ ಇಲ್ಲಿನವರು ಸಿಟ್ಟಾಗುವುದು ನ್ಯಾಯವೇ. ಆದರೆ ಎರಡನೆಯದು ಅವನ ಸ್ವಂತದ್ದು. ಮೈ ಸವೆದದ್ದು ಇಲ್ಲಿ, ಸೆಸ್ ಕಟ್ಟಿದ್ದು ಇಲ್ಲಿ, ಕಟ್ಟಡ ನಿಂತದ್ದೂ ಇಲ್ಲಿ. ಅವನು ಈಗ ಯಾವ ಊರಿನ ಹಾಸಿಗೆಯಲ್ಲಿದ್ದಾನೆಂದು ಕೇಳುವ ಹಕ್ಕು ಮಂಡಳಿಗಿಲ್ಲ.

ಇದು ಹೊಸ ಬೇಡಿಕೆಯಲ್ಲ. ಕೆಲಸದಲ್ಲಿ ಗಾಯಗೊಂಡ ಪರದೇಶದ ಕಾರ್ಮಿಕನಿಗೂ ವಾಸಸ್ಥಳದ ಷರತ್ತಿಲ್ಲದೆ ಸ್ವದೇಶದವನಷ್ಟೇ ಪರಿಹಾರ ಸಿಗಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1925ರಲ್ಲೇ ಒಡಂಬಡಿಕೆ ಮಾಡಿತು. ಭಾರತ ಅದನ್ನು ಒಪ್ಪಿದ್ದು 1927ರಲ್ಲಿ, ಬ್ರಿಟಿಷರ ಕಾಲದಲ್ಲಿ! 1948ರ ಇಎಸ್‌ಐ ಕಾಯ್ದೆ ಬರೆದವರಿಗೂ ಈ ವಿವೇಕವಿತ್ತು. ಭತ್ಯೆ ಪಡೆಯುವ ರೋಗಿ ವೈದ್ಯಾಧಿಕಾರಿಯ ಅನುಮತಿಯಿಲ್ಲದೆ ಚಿಕಿತ್ಸೆಯ ಪ್ರದೇಶ ಬಿಡಬಾರದೆಂದು 64ನೇ ಕಲಮಿನಲ್ಲಿ ಕಟ್ಟುಮಾಡಿದರು. ಶಾಶ್ವತ ವೈಕಲ್ಯದ ಭತ್ಯೆಯನ್ನು ಮಾತ್ರ ಆ ಕಟ್ಟಿನಿಂದ ಬಿಟ್ಟರು. ವಾಸಿಯಾಗುವವನನ್ನು ಡಾಕ್ಟರ ಕಣ್ಣಳತೆಯಲ್ಲಿ ಇಡಬಹುದು, ವಾಸಿಯಾಗದವನನ್ನು ಕಟ್ಟಿಹಾಕಿ ಯಾರಿಗೇನು ಲಾಭ? ಆದರೆ ಬೆಳಿಗ್ಗೆ ಅಡ್ಡಾದಲ್ಲಿ ನಿಂತು ದಿನಗೂಲಿಗೆ ಹೋದವನ ಹತ್ತಿರ ಇಎಸ್‌ಐ ಕಾರ್ಡೇ ಇರುವುದಿಲ್ಲ.

ಗಡಿಯಾಚೆ ಹಣ ಕಳಿಸುವುದು ಕಷ್ಟ ಅನ್ನುವವರು ನೇಪಾಳ ನೋಡಲಿ. ಭಾರತೀಯ ಸೇನೆಯಿಂದ ನಿವೃತ್ತರಾದ ಗೂರ್ಖಾ ಸೈನಿಕರಿಗೆ, ಅವರಲ್ಲಿ ಅಂಗವೈಕಲ್ಯ ಪಿಂಚಣಿ ಪಡೆಯುವವರಿಗೂ, ಹಣ ಬಟವಾಡೆ ಮಾಡಲು ನಮ್ಮ ಸರ್ಕಾರ ಕಠ್ಮಂಡು, ಪೋಖರಾ, ಧರಾನ್‌ಗಳಲ್ಲಿ ಕಚೇರಿ ಇಟ್ಟಿದೆ. ಅಮೆರಿಕದಲ್ಲಿ ಮಗನ ಮನೆಯಲ್ಲಿರುವ ನಿವೃತ್ತ ಅಧಿಕಾರಿಗೂ ಪಿಂಚಣಿ ನಿಲ್ಲುವುದಿಲ್ಲ. ಸಾಮಾಜಿಕ ಭದ್ರತೆಯ ಹಕ್ಕುಗಳು ಗಡಿಯಲ್ಲಿ ನಿಲ್ಲದಿರಲೆಂದು ಜರ್ಮನಿಯ ಜೊತೆ ಮಾಡಿಕೊಂಡ ಒಪ್ಪಂದ 2017ರ ಮೇ 1ರಿಂದ ಜಾರಿಯಲ್ಲಿದೆ. ಮಾಧಾಪುರದ ಸಾಫ್ಟ್‌ವೇರ್ ಕಂಪನಿಗಳಿಗೆ ಅದು ಗೊತ್ತು. ಗುರುಮಠಕಲ್ಲು ಜರ್ಮನಿಗಿಂತ ದೂರವೇ?

ಈ ನಗರಕ್ಕಂತೂ ಇದು ಹೊಸದಾಗಬಾರದು. 1956ರಲ್ಲಿ ಹೈದರಾಬಾದ್ ರಾಜ್ಯ ಒಡೆದು ಬೀದರ, ಕಲಬುರಗಿ, ರಾಯಚೂರು ಮೈಸೂರಿಗೆ ಸೇರಿದಾಗ, ನೌಕರರ ಪಿಂಚಣಿಯ ಹೊರೆ ಯಾರದೆಂದು ಪುನರ್ವಿಂಗಡಣಾ ಕಾಯ್ದೆಯಲ್ಲೇ ಹಂಚಿಟ್ಟರು. 2014ರಲ್ಲಿ ಆಂಧ್ರಪ್ರದೇಶ ಒಡೆದಾಗಲೂ ಹಾಗೆಯೇ. ಗುಮಾಸ್ತನ ಪಿಂಚಣಿಗೆ ಸಿಕ್ಕ ಈ ಕಾಳಜಿ ಗಾರೆ ಕೆಲಸದವನಿಗೆ ಸಿಗಲಿಲ್ಲ.

ಮೋಸವಾಗುತ್ತದೆ, ಸತ್ತವರ ಹೆಸರಲ್ಲಿ ಹಣ ಎತ್ತುತ್ತಾರೆ, ಎರಡೂ ಕಡೆ ನುಂಗುತ್ತಾರೆ ಅನ್ನುವವರಿದ್ದಾರೆ. ಆ ಭಯ ಸುಳ್ಳಲ್ಲ. ಅದಕ್ಕೆಂದೇ ಆಧಾರ್ ಆಧರಿಸಿದ, ಬದುಕಿದ್ದೇನೆಂದು ತೋರಿಸುವ ಜೀವನ್ ಪ್ರಮಾಣ್ ಪತ್ರ 2014ರಿಂದ ಇದೆ, ಈಗ ಮೊಬೈಲಿಗೆ ಮುಖ ತೋರಿಸಿದರೂ ಸಾಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ವೈಕಲ್ಯ ಪ್ರಮಾಣಪತ್ರಕ್ಕೆ ದೇಶದಾದ್ಯಂತ ಮಾನ್ಯತೆಯಿದೆ. ಒಂದೇ ರೇಷನ್ ಕಾರ್ಡು 2022ರ ಹೊತ್ತಿಗೆ ಎಲ್ಲ ರಾಜ್ಯಗಳಲ್ಲೂ ನಡೆಯತೊಡಗಿತು. ಅಕ್ಕಿಯ ಮೂಟೆಗೆ ಮಾಡಿದ ಲೆಕ್ಕ ಪಿಂಚಣಿಗೆ ಮಾಡಲು ಬಾರದೇ?

ತೆಲಂಗಾಣ, ಕರ್ನಾಟಕದ ಮಂಡಳಿಗಳು ಕೂತು ಒಪ್ಪಂದ ಮಾಡಿಕೊಳ್ಳಲಿ: ಅಪಘಾತ ನಡೆದ ರಾಜ್ಯದ ಮಂಡಳಿ ಹಣ ಕೊಡಬೇಕು, ನೋಂದಣಿ ಯಾವ ಕಡೆ ಇದ್ದರೂ ನಡೆಯಬೇಕು, ತಿಂಗಳ ಮೊತ್ತ ಕಾರ್ಮಿಕ ಇರುವ ಊರಿನ ಖಾತೆಗೆ ಬೀಳಬೇಕು. ಬೊಕ್ಕಸದ ಪಿಂಚಣಿಯಲ್ಲೂ ಒಂದು ಮಾತು ಇದೆ. ಮಿಯಾಪುರದ ಮಗನ ಮನೆಗೆ ಬಂದ ಅಂಗವಿಕಲ ತಾಯಿಯ ಕರ್ನಾಟಕದ ಪಿಂಚಣಿಯನ್ನು, ಇಲ್ಲಿನ ಮೊದಲ ಕಂತು ಕೈ ಸೇರುವವರೆಗೆ ನಿಲ್ಲಿಸಬಾರದು.

ಅಲ್ಲಿಯವರೆಗೆ ಕೈಯಲ್ಲಿರುವ ಹಕ್ಕನ್ನಾದರೂ ಬಿಡಬೇಡಿ. 1923ರ ಪರಿಹಾರ ಕಾಯ್ದೆಗೆ 1995ರಲ್ಲಿ ಬಂದ ತಿದ್ದುಪಡಿಯಿಂದ, ಗಾಯಗೊಂಡವನು ತಾನು ವಾಸವಿರುವ ಜಿಲ್ಲೆಯಲ್ಲೇ ಪರಿಹಾರದ ಅರ್ಜಿ ಹಾಕಬಹುದು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇದನ್ನು ಉಳಿಸಿಕೊಂಡಿದೆ. ಹೈದರಾಬಾದಿಗೆ ಓಡಾಡಬೇಕಿಲ್ಲ. ಅಪಘಾತವಾದ 2 ವರ್ಷದೊಳಗೆ ಅರ್ಜಿ ಬೀಳಬೇಕು. ಗಾಯಾಳುವನ್ನು ಗಾಡಿ ಹತ್ತಿಸುವ ಮುನ್ನ ಪೊಲೀಸ್ ಠಾಣೆಯ ದೂರಿನ ಪ್ರತಿ, ಆಸ್ಪತ್ರೆಯ ಎಲ್ಲ ಚೀಟಿ, ಬಿಲ್ಡರ್ ಹೆಸರಿನ ಬೋರ್ಡಿನ ಫೋಟೊ, ಮೇಸ್ತ್ರಿಯ ನಂಬರು, ಜೊತೆಯಲ್ಲಿದ್ದ ಇಬ್ಬರ ಹೆಸರು ತೆಗೆದಿಟ್ಟುಕೊಳ್ಳಿ. ಗುತ್ತೇದಾರ ಹಣದ ಜೊತೆ ಕಾಗದ ಚಾಚಿದರೆ ಓದಬಲ್ಲವರಿಗೆ ತೋರಿಸದೆ ಹೆಬ್ಬೆಟ್ಟು ಒತ್ತಬೇಡಿ.